ಹಾಲಿಲ್ಲದ ಚಾಯಕ್ಕೆ ನಾಚಿಕೆ ಯಾಕೆ?

ಮದ್ರಸಕ್ಕೆ ನಾಲ್ಕು ದಿನ ಬಾರದ ಹುಡುಗನೊಬ್ಬನನ್ನು ವಿಚಾರಿಸಲು ಹುಣಸೂರು ಕಡೆಯ ಒಂದು ಮನೆಗೆ ಹೋಗಿದ್ದೆವು. ಮಳೆ ಹನಿಯುತ್ತಿತ್ತು. ನಮ್ಮನ್ನು ಕೂರಿಸಿ ಅವನ ಉಮ್ಮ ಒಳಗೆ ಹೋದರು. ಪರದೆಯ ಹಿಂದೆ ಪಿಸುಮಾತು ಕೇಳಿತು. ಹುಡುಗ ಹಿಂಬಾಗಿಲಿನಿಂದ ಓಡಿದ, ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ವಾಪಸ್ ಬಂದ. ಅಂಗಡಿಯಲ್ಲಿ ಸಾಲದ ಲೆಕ್ಕ ಬೆಳೆದಿತ್ತು, ಹಾಲಿನ ಪ್ಯಾಕೆಟ್ ಕೊಡಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಆ ತಾಯಿ ಬಾಗಿಲ ಬಳಿ ನಿಂತು, "ಉಸ್ತಾದೇ, ಹಾಲಿಲ್ಲ, ಏನೂ ತಿಳ್ಕೋಬೇಡಿ" ಎಂದರು. "ಸುಲೈಮಾನಿ ಕೊಡಿ, ನಮಗೆ ಅದೇ ಇಷ್ಟ" ಎಂದೆವು. ಹಿತ್ತಲಿನ ಹಸಿ ಶುಂಠಿ, ಒಂದು ಏಲಕ್ಕಿ, ಅರ್ಧ ನಿಂಬೆಹಣ್ಣು ಹಾಕಿದ ಕೆಂಪು ಚಾಯ ಬಂತು. ಲೋಟ ಎತ್ತುವ ಮೊದಲೇ ಅದರ ಪರಿಮಳ ಮೂಗಿಗೆ ಬಡಿಯಿತು. ನಿಜ ಹೇಳುತ್ತೇವೆ, ಆ ವಾರ ಕುಡಿದ ಚಾಯಗಳಲ್ಲೆಲ್ಲ ಅದೇ ಚೆನ್ನಾಗಿತ್ತು.

ಮನಸ್ಸಿಗೆ ನಾಟಿದ್ದು ಬೇರೆ ವಿಷಯ. ಉಸ್ತಾದರಿಗೆ ಮನೆಮನೆಯಿಂದ ಸರದಿಯಂತೆ ಊಟ ಕೊಡುವ ಪದ್ಧತಿ ನಮ್ಮಲ್ಲಿದೆ. ಆ ಮನೆಯವರು ಮೂರು ಸರದಿ ತಪ್ಪಿಸಿದ್ದರು. ಮೈಗೆ ಹುಷಾರಿಲ್ಲ ಎಂಬ ಕಾರಣ ಹೇಳಿ ಕಳಿಸುತ್ತಿದ್ದರು. ಆ ದಿನ ಕಾರಣ ತಿಳಿಯಿತು. ಅನ್ನ, ಸಾರು ಹೇಗೋ ಆಗುತ್ತಿತ್ತು. ಊಟದ ನಂತರ ಹಾಲಿನ ಚಾಯ ಕೊಡಲು ಆಗುವುದಿಲ್ಲವಲ್ಲ ಎಂಬ ನಾಚಿಕೆ ಅವರನ್ನು ತಡೆದಿತ್ತು. ಒಂದು ಲೋಟ ಹಾಲಿಗಾಗಿ ಒಂದು ಮನೆಯ ಬಾಗಿಲು ಅತಿಥಿಗೆ ಮುಚ್ಚಿತ್ತು.

ಈ ನಾಚಿಕೆಯನ್ನು ಆ ತಾಯಿಗೆ ಕಲಿಸಿದವರು ಯಾರು? ನಾವೇ. ಕೆಲವು ವರ್ಷಗಳ ಹಿಂದೆ ಒಂದು ಮನೆಯಲ್ಲಿ ಕಣ್ಣ ಚಾಯ ತಂದಿಟ್ಟಾಗ "ಹಾಲಿಲ್ವಾ?" ಎಂದು ನಾವೇ ಕೇಳಿದ್ದುಂಟು. ಕೇಳಿದ್ದು ತಮಾಷೆಗೆ. ಆದರೆ ಆ ಮನೆಯೊಡತಿಯ ಮುಖ ಸಣ್ಣದಾದದ್ದು ಇನ್ನೂ ನೆನಪಿದೆ. ಇಂಥ ಒಂದೊಂದು ಮಾತೂ ಬಡವರ ಮನೆಯಲ್ಲಿ ಬಹಳ ದಿನ ಉಳಿಯುತ್ತದೆ.

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ, ಮಡಿಕೇರಿ, ಕುಶಾಲನಗರ ದಾಟಿ ಪಿರಿಯಾಪಟ್ಟಣ, ಹುಣಸೂರಿನ ಕಡೆ ವ್ಯಾಪಾರಕ್ಕೆ ಬಂದವರು. ಇದು ಕಾಫಿ ಕುಡಿಯುವ ಸೀಮೆ. ಅವರು ಮಾತ್ರ ತಮ್ಮ ಚಾಯ ಬಿಡಲಿಲ್ಲ. ಸಂತೆಗೆ ಹೋಗುವಾಗ, ಮೌಲಿದ್ ಮಜ್ಲಿಸ್ ಮುಗಿದಾಗ, ನೆಯ್ಚೋರು ಉಂಡ ಮೇಲೆ ಕುಡಿಯುತ್ತಿದ್ದದ್ದು ಇದನ್ನೇ. ಮಯ್ಯತ್ ಆದ ಮನೆಗೆ ಇಂದಿಗೂ ನೆರೆಯವರು ಪಾತ್ರೆ ತುಂಬ ಕಣ್ಣ ಚಾಯ ಮಾಡಿ ತರುತ್ತಾರೆ. ಅಲ್ಲಿ ಯಾರೂ ಹಾಲು ಕೇಳುವುದಿಲ್ಲ. ದುಃಖದಲ್ಲಿ ಸಾಕಾಗುವ ಚಾಯ ಸಂತೋಷದಲ್ಲಿ ಯಾಕೆ ಸಾಲದು?

ಚಾಯಕ್ಕೆ ಪರಿಮಳ ಸೇರಿಸುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯೂ ಅಲ್ಲ. ಇಂಗ್ಲಿಷರು ಬರ್ಗಮೋಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯನ್ನು ಕಪ್ಪು ಚಹಾಕ್ಕೆ ಸೇರಿಸಿ 'ಅರ್ಲ್ ಗ್ರೇ' ಎಂದು ಹೆಸರಿಟ್ಟು ಜಗತ್ತಿಗೇ ಮಾರಿದರು. ಮೊರಾಕ್ಕೊದವರು ಹಸಿರು ಚಹಾಕ್ಕೆ ಪುದೀನ ಹಾಕುತ್ತಾರೆ. ನಮ್ಮ ಪಕ್ಕದ ಬೈಲುಕುಪ್ಪೆಯ ಟಿಬೆಟಿಯನ್ನರು ಚಹಾಕ್ಕೆ ಉಪ್ಪು, ಬೆಣ್ಣೆ ಹಾಕಿ ಕಡೆದು ಕುಡಿಯುತ್ತಾರೆ, ಅದನ್ನು ಅತಿಥಿಗೆ ಹೆಮ್ಮೆಯಿಂದ ಕೊಡುತ್ತಾರೆ. 2012ರಲ್ಲಿ ಬಂದ ಮಲಯಾಳಂ ಸಿನಿಮಾ 'ಉಸ್ತಾದ್ ಹೋಟೆಲ್' ಆದ ಮೇಲೆ ಪೇಟೆಯ ಹುಡುಗರೂ ಸುಲೈಮಾನಿ ಹುಡುಕಿಕೊಂಡು ಹೋಟೆಲಿಗೆ ಹೋದರು. ಹೋಟೆಲಿನಲ್ಲಿ ದುಡ್ಡು ಕೊಟ್ಟು ಕುಡಿಯುವಾಗ ಅದು ಶೋಕಿ. ಮನೆಯಲ್ಲಿ ಉಮ್ಮ ಮಾಡಿ ಕೊಟ್ಟರೆ ಬಡತನವೇ? ಇದೆಂಥ ಲೆಕ್ಕ!

ಬೇಕಾದ ವಸ್ತುಗಳು ನಮ್ಮ ಸುತ್ತಲೇ ಇವೆ. ಹೆಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಶುಂಠಿ ಬೆಳೆಯುತ್ತದೆ. ಏಲಕ್ಕಿ, ಮೆಣಸು ಕೊಡಗಿನಿಂದ ಬರುತ್ತವೆ. ಕೋಟೆಯಿಂದ ಬಾವಲಿ ದಾಟಿ ಮಾನಂದವಾಡಿಗೆ ಹೋದರೆ ತಲಪ್ಪುಳದ ಚಹಾ ತೋಟಗಳೇ ಸಿಗುತ್ತವೆ. ಕೆ.ಆರ್. ನಗರದ ಮನೆಗಳ ಹಿತ್ತಲಲ್ಲೂ ಒಂದು ನಿಂಬೆ ಗಿಡ, ಒಂದು ಕುಂಡದಲ್ಲಿ ಪುದೀನ ಬೆಳೆಸುವುದು ಕಷ್ಟವಲ್ಲ. ಶುಂಠಿಯಂತೂ ಸಾಮಾನ್ಯದ್ದಲ್ಲ. ಸ್ವರ್ಗದವರಿಗೆ ಶುಂಠಿ ಬೆರೆಸಿದ ಪಾನೀಯ ಸಿಗುತ್ತದೆಂದು ಸೂರಃ ಅಲ್ ಇನ್ಸಾನ್‌ನಲ್ಲಿ ಬಂದಿದೆ, ಅಲ್ಲಿ ಅದರ ಹೆಸರು ಝಂಜಬೀಲ್.

ಮಾಡುವ ಕ್ರಮವನ್ನೂ ಹೇಳಿಬಿಡೋಣ, ಯಾಕೆಂದರೆ ಕಹಿಯಾದ ಕಣ್ಣ ಚಾಯ ಕುಡಿದವರೇ ಅದನ್ನು ದೂರುತ್ತಾರೆ. ನಾಲ್ಕು ಲೋಟ ನೀರಿಗೆ ಜಜ್ಜಿದ ಶುಂಠಿ, ಎರಡು ಏಲಕ್ಕಿ, ಎರಡು ಲವಂಗ, ಸಣ್ಣ ಚೂರು ಚಕ್ಕೆ ಹಾಕಿ ಕುದಿಸಬೇಕು. ಒಲೆ ಆರಿಸಿದ ಮೇಲೆ ಒಂದು ಸಣ್ಣ ಚಮಚ ಚಾಯಪುಡಿ ಹಾಕಿ ಮುಚ್ಚಿಡಬೇಕು. ಎರಡು ಮೂರು ನಿಮಿಷ ಸಾಕು. ಪುಡಿಯನ್ನು ಕುದಿಸುತ್ತಾ ಹೋದರೆ ಒಗರು ಬಿಡುತ್ತದೆ. ಸೋಸಿದ ಮೇಲೆಯೇ ನಿಂಬೆರಸ ಹಿಂಡಬೇಕು. ನಿಂಬೆ ಬಿದ್ದ ಕೂಡಲೇ ಕಡು ಬಣ್ಣ ಹೋಗಿ ಹೊಳೆಯುವ ಕೆಂಪು ಬರುತ್ತದೆ, ಮಕ್ಕಳಿಗೆ ಅದನ್ನು ನೋಡುವುದೇ ಖುಷಿ. ಸಕ್ಕರೆ ಕಡಿಮೆ ಇರಲಿ. ಏಲಕ್ಕಿ, ನಿಂಬೆಯ ಪರಿಮಳವಿದ್ದರೆ ಅರ್ಧ ಸಕ್ಕರೆಯೂ ಸಾಕೆನಿಸುತ್ತದೆ.

ಈಗ ಮದುವೆ ಮನೆಗಳಲ್ಲಿ ಇನ್ನೊಂದು ರೂಢಿ ಬರುತ್ತಿದೆ. ಬಣ್ಣಬಣ್ಣದ ಪೊಟ್ಟಣಗಳ ಸುವಾಸನೆಯ ಚಹಾ, ಮಾವಿನ ವಾಸನೆಯದ್ದು, ಗುಲಾಬಿ ವಾಸನೆಯದ್ದು. ಕುಡಿಯಬಾರದೆಂದು ನಾವು ಹೇಳುವುದಿಲ್ಲ. ರುಚಿಯೂ ಅಲ್ಲಾಹನ ನಿಅ್‌ಮತ್. ಆದರೆ ಕೊಳ್ಳುವ ಮುಂಚೆ ಪೊಟ್ಟಣದ ಹಿಂಭಾಗ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಅಂಥ ಪೊಟ್ಟಣದ ಮೇಲೆ 'ಫ್ಲೇವರ್ಡ್ ಟೀ' ಎಂದೂ ಯಾವ ಫ್ಲೇವರ್ ಎಂದೂ ಬರೆದಿರಬೇಕು. ಚಾಯಪುಡಿಗೆ ಬಣ್ಣ ಹಾಕುವಂತೆಯೇ ಇಲ್ಲ. ಸಂತೆಯಲ್ಲಿ ಸಿಗುವ ಬಿಡಿ ಪುಡಿಯ ಮೇಲೆ ಅನುಮಾನವಿದ್ದರೆ ಒದ್ದೆ ಮಾಡಿದ ಬಿಳಿ ಫಿಲ್ಟರ್ ಕಾಗದದ ಮೇಲೆ ಸ್ವಲ್ಪ ಹರಡಿ ಐದು ನಿಮಿಷ ಬಿಡಿ. ಪುಡಿ ತೆಗೆದು ಕಾಗದವನ್ನು ನೀರಲ್ಲಿ ತೊಳೆದರೂ ಕಡು ಕಲೆ ಉಳಿದರೆ ಬಣ್ಣ ಬೆರೆತಿದೆ ಎಂದೇ ಅರ್ಥ. ಹಾಲು ಹಾಕಿದರೆ ಪುಡಿಯ ದೋಷ ಮುಚ್ಚಿಹೋಗುತ್ತದೆ. ಸುಲೈಮಾನಿಯಲ್ಲಿ ಮುಚ್ಚಿಡಲು ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆ ಹೆಣ್ಣುಮಕ್ಕಳಿಗಾಗಿ. ಚಹಾದ ಒಗರು ಅಂಶವು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ಹಾಲು ಇರಲಿ ಇಲ್ಲದಿರಲಿ, ಇದು ಎರಡಕ್ಕೂ ಅನ್ವಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರು, ರಕ್ತ ಕಡಿಮೆ ಇರುವವರು ಊಟವಾಗಿ ಒಂದು ಗಂಟೆ ಬಿಟ್ಟು ಚಾಯ ಕುಡಿಯಲಿ. ಕಬ್ಬಿಣದ ಮಾತ್ರೆಯನ್ನು ಚಾಯದ ಜೊತೆ ನುಂಗುವ ಅಭ್ಯಾಸವಂತೂ ಬೇಡವೇ ಬೇಡ.

"ಹಾಗಾದರೆ ಹಾಲಿನ ಚಾಯ ತಪ್ಪಾ ಉಸ್ತಾದೇ?" ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಹಸು ಸಾಕಿ ಡೈರಿಗೆ ಹಾಲು ಹಾಕಿ ಬದುಕುವ ನೆರೆಹೊರೆಯವರು ನಮಗಿದ್ದಾರೆ, ನಮ್ಮವರೂ ಇದ್ದಾರೆ. ಇರುವವರು ಸಂತೋಷದಿಂದ ಕೊಡಲಿ. ನಮ್ಮ ಮಾತು ಇಲ್ಲದವರ ಬಗ್ಗೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ತಂಬಾಕು ಹರಾಜಿನ ತಿಂಗಳುಗಳಲ್ಲಿ ಈ ಕಡೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ, ಮಳೆಗಾಲದಲ್ಲಿ ಕೂಲಿಯವರಿಗೂ ಸಣ್ಣ ವ್ಯಾಪಾರಿಗೂ ಕೈ ಬಿಗಿ. ಮನೆಯಲ್ಲಿ ಅರ್ಧ ಲೀಟರ್ ಹಾಲಿದ್ದರೆ ಅದು ಮಕ್ಕಳ ಹೊಟ್ಟೆಗೆ ಹೋಗಬೇಕು. ಐದು ಮಂದಿ ಅತಿಥಿಗಳು ಬಂದರೆಂದು ಅಷ್ಟನ್ನೂ ಚಾಯಕ್ಕೆ ಸುರಿದು, ಮಗುವನ್ನು ಬರಿಹೊಟ್ಟೆಯಲ್ಲಿ ಮಲಗಿಸಿದರೆ ಅದು ಯಾವ ಅತಿಥಿ ಸತ್ಕಾರ?

ಅತಿಥಿಯನ್ನು ಗೌರವಿಸುವುದು ಈಮಾನಿನ ಭಾಗವೆಂದು ಮಕ್ಕಳಿಗೆ ಕಲಿಸುತ್ತೇವೆ. ಅತಿಥಿಯ ಕರ್ತವ್ಯವನ್ನೂ ಅಷ್ಟೇ ಒತ್ತಿ ಕಲಿಸಬೇಕು. ಒಮ್ಮೆ ಪ್ರವಾದಿ (ಸ.ಅ.) ಅವರು ರೊಟ್ಟಿಗೆ ನೆಂಚಿಕೊಳ್ಳಲು ಏನಿದೆ ಎಂದು ಮನೆಯಲ್ಲಿ ಕೇಳಿದರು. ಸುರ್ಕ, ಅಂದರೆ ವಿನೆಗರ್ ಬಿಟ್ಟು ಬೇರೇನೂ ಇರಲಿಲ್ಲ. ಅವರು ಅದನ್ನೇ ತರಿಸಿದರು, ಹೊಗಳುತ್ತಾ ತಿಂದರು. ಜಾಬಿರ್ (ರ) ಅವರು ವರದಿ ಮಾಡಿದ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಅಂದಿನಿಂದ ತಮಗೂ ಸುರ್ಕ ಪ್ರಿಯವಾಯಿತು ಎಂದು ಜಾಬಿರ್ ಹೇಳಿದ್ದಾರೆ. ನೋಡಿ, ಇದ್ದದ್ದನ್ನು ಹೊಗಳಿ ತಿಂದ ಒಂದು ಮಾತಿಗೆ ಪಕ್ಕದಲ್ಲಿದ್ದವರ ನಾಲಿಗೆಯ ರುಚಿಯೇ ಬದಲಾಯಿತು. ನಮ್ಮ "ಹಾಲಿಲ್ವಾ?" ಎಂಬ ಮಾತಿಗೂ ಅಷ್ಟೇ ಶಕ್ತಿಯಿದೆ, ಕೆಡಿಸುವ ಶಕ್ತಿ.

ಆದ್ದರಿಂದ ನಮ್ಮ ಕೋರಿಕೆ ಸಣ್ಣದು. ಯಾರ ಮನೆಗೆ ಹೋದರೂ, "ಚಾಯ ಯಾವುದು ಮಾಡಲಿ?" ಎಂದು ಕೇಳಿದರೆ "ಸುಲೈಮಾನಿ" ಎಂದು ಮೊದಲು ನಾವೇ ಹೇಳೋಣ. ಬಡವರ ಮನೆಯಲ್ಲಿ ಮಾತ್ರ ಹೀಗೆ ಹೇಳಿದರೆ ಅದು ಕನಿಕರದಂತೆ ಕಾಣುತ್ತದೆ, ದೊಡ್ಡ ಮನೆಗಳಲ್ಲೂ ಹೇಳಬೇಕು. ಜಮಾಅತ್ ಸಭೆಯಲ್ಲಿ, ಮದ್ರಸದ ಪೋಷಕರ ಸಭೆಯಲ್ಲಿ ಇದನ್ನೇ ಕೊಡೋಣ. ಉಳ್ಳವರು ತಮ್ಮ ಮದುವೆಯ ಚಪ್ಪರದಲ್ಲಿ ಏಲಕ್ಕಿ, ನಿಂಬೆಯ ಒಳ್ಳೆಯ ಸುಲೈಮಾನಿ ಬಡಿಸಲಿ. ದೊಡ್ಡವರ ಮನೆಯಲ್ಲಿ ಕುಡಿದದ್ದನ್ನು ತನ್ನ ಮನೆಯಲ್ಲಿ ಕೊಡಲು ಬಡವನಿಗೆ ನಾಚಿಕೆ ಇರುವುದಿಲ್ಲ. ಮೊದಲ ಹೆಜ್ಜೆ ಉಸ್ತಾದರಾದ ನಮ್ಮದೇ ಆಗಬೇಕು. ಹೆಚ್ಚು ಮನೆಗಳ ಚಾಯ ಕುಡಿಯುವವರು ನಾವು.

ಆ ಹುಡುಗ ಮರುದಿನವೇ ಮದ್ರಸಕ್ಕೆ ಬಂದ. ಮುಂದಿನ ತಿಂಗಳು ಅವರ ಮನೆಯ ಸರದಿ ತಪ್ಪಲಿಲ್ಲ. ಊಟದ ಬುತ್ತಿಯ ಜೊತೆ ಒಂದು ಫ್ಲಾಸ್ಕ್ ಇತ್ತು. ಮುಚ್ಚಳ ತೆಗೆದರೆ ಶುಂಠಿ, ಏಲಕ್ಕಿಯ ಪರಿಮಳ.