ಶಬ್ದಚಿಂತನ: ಗಾಳಿಗಿರಣಿ

ಗದಗ ಸೀಮೆಯ ಕಪ್ಪತಗುಡ್ಡದ ಕಡೆಗಾಗಲಿ, ಚಿತ್ರದುರ್ಗದ ಜೋಗಿಮಟ್ಟಿಯ ಕಡೆಗಾಗಲಿ ಹೋದವರು ಗುಡ್ಡದ ನೆತ್ತಿಯ ಮೇಲೆ ಬಿಳಿಯ ಕಂಬಗಳ ತುದಿಯಲ್ಲಿ ಮೂರು ರೆಕ್ಕೆಗಳು ತಿರುಗುವುದನ್ನು ನೋಡಿಯೇ ಇರುತ್ತಾರೆ. ಪತ್ರಿಕೆಗಳು ಅದನ್ನು ‘ಗಾಳಿಯಂತ್ರ’ ಎಂದು ಬರೆಯುತ್ತವೆ; ಜನರ ಬಾಯಲ್ಲಿ ಅದು ‘ವಿಂಡ್‌ಮಿಲ್’. ‘ವಿಂಡ್’ ಎಂದರೆ ಗಾಳಿ, ‘ಮಿಲ್’ ಎಂದರೆ ಗಿರಣಿ. ಆದರೆ ಆ ಕಂಬದ ಬುಡದಲ್ಲಿ ಎಷ್ಟು ಹುಡುಕಿದರೂ ಒಂದು ಹಿಡಿ ಹಿಟ್ಟು ಸಿಕ್ಕದು. ಬೀಸದ ಯಂತ್ರಕ್ಕೆ ಗಿರಣಿಯೆಂಬ ಹೆಸರು ಹೇಗೆ ಬಂದಿತು?

‘ಮಿಲ್’ ಶಬ್ದದ ಬೇರು ಲ್ಯಾಟಿನ್ ಭಾಷೆಯ ‘ಅರೆ, ಬೀಸು’ ಎಂಬರ್ಥದ ಧಾತುವಿನಲ್ಲಿದೆ. ಪರ್ಷಿಯಾದ ಪೂರ್ವಭಾಗದಲ್ಲಿ 10ನೆಯ ಶತಮಾನದ ಹೊತ್ತಿಗಾಗಲೇ ಗಾಳಿಯ ಬಲದಿಂದ ಕಾಳು ಬೀಸುತ್ತಿದ್ದರು. ಯುರೋಪಿನಲ್ಲಿ ಗಾಳಿಗಿರಣಿಗಳು ಕಾಣಿಸಿಕೊಂಡುದು 12ನೆಯ ಶತಮಾನದಲ್ಲಿ, ಎಂದರೆ ನಮ್ಮ ಬಸವಾದಿ ಶರಣರ ಶತಮಾನದಲ್ಲಿಯೇ. ಮುಂದೆ ಹಾಲೆಂಡಿನ ಜನ ಅದೇ ರೆಕ್ಕೆಗಳಿಂದ ಮರ ಕೊಯ್ದರು, ತಗ್ಗಿನ ಹೊಲಗಳ ನೀರೆತ್ತಿದರು. ಅಲ್ಲಿಯ ಕಿಂಡರ್‌ಡೈಕಿನಲ್ಲಿ ಇಂದಿಗೂ ನಿಂತಿರುವ 19 ಗಿರಣಿಗಳು ನೀರೆತ್ತುವುದಕ್ಕೆಂದೇ ಕಟ್ಟಿದವು. 1887ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲೈತ್ ಎಂಬ ಪ್ರಾಧ್ಯಾಪಕರು ಗಾಳಿಯಿಂದಲೇ ವಿದ್ಯುತ್ತು ಪಡೆದು ತಮ್ಮ ಮನೆಯ ದೀಪ ಹಚ್ಚಿದರು. ಕೆಲಸ ಬದಲಾಯಿತು, ಮೊದಲ ಕಾಯಕದ ಹೆಸರು ಮಾತ್ರ ಉಳಿಯಿತು. ನಾವೂ ನೂಲು ತೆಗೆಯುವ ಕಾರ್ಖಾನೆಯನ್ನು ‘ಹತ್ತಿ ಗಿರಣಿ’ ಎನ್ನುವುದಿಲ್ಲವೆ?

ಇಲ್ಲಿ ಕನ್ನಡದ ಸೊಗಸೊಂದನ್ನು ಗಮನಿಸಬೇಕು. ಇಂಗ್ಲಿಷಿಗೆ ಗಾಳಿಗೊಂದು, ಗಿರಣಿಗೊಂದು ಹೀಗೆ ಎರಡು ಶಬ್ದ ಬೇಕಾದವು. ನಮ್ಮಲ್ಲಿ ‘ಬೀಸು’ ಎಂಬ ಒಂದೇ ಕ್ರಿಯಾಪದವುಂಟು. ಗಾಳಿಯೂ ಬೀಸುತ್ತದೆ, ತಾಯಿಯೂ ಜೋಳ ಬೀಸುತ್ತಾಳೆ. ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ಹಾಡು ಹೇಳುತ್ತ ಮನೆಮಂದಿಗೆಲ್ಲ ಹಿಟ್ಟು ಒದಗಿಸಿದ ನಮ್ಮ ಅಜ್ಜಿಯರ ದುಡಿಮೆ ಆ ಶಬ್ದದಲ್ಲಿ ಅಡಗಿದೆ.

ಗಾಳಿಗಿರಣಿಯ ಇನ್ನೊಂದು ಬಳಕೆ ಸಾಹಿತ್ಯದಿಂದ ಬಂದುದು. ಸ್ಪೇನಿನ ಸರ್ವಾಂಟಿಸ್ 1605ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ನಾಯಕನು ಬಯಲಿನಲ್ಲಿದ್ದ ಗಾಳಿಗಿರಣಿಗಳನ್ನು ರಾಕ್ಷಸರೆಂದು ಭ್ರಮಿಸಿ, ಈಟಿ ಹಿಡಿದು ನುಗ್ಗಿ, ರೆಕ್ಕೆಯ ಹೊಡೆತಕ್ಕೆ ಕುದುರೆಸಮೇತ ಉರುಳುತ್ತಾನೆ. ಅಂದಿನಿಂದ ಇಲ್ಲದ ವೈರಿಯೊಡನೆ ಕಾದಾಡುವುದನ್ನು ‘ಗಾಳಿಗಿರಣಿಯೊಡನೆ ಹೋರಾಟ’ ಎನ್ನುವ ರೂಢಿ ಬಂದಿತು. ನಮ್ಮವರು ಇದನ್ನೇ ‘ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ’ ಎಂದರು. ಊರಿಗೆ ಹಿಟ್ಟು ಬೀಸಿಕೊಡುವುದನ್ನು ರಾಕ್ಷಸನೆಂದು ಕಂಡುದು ಎಂತಹ ಕುರುಡು!

ಆ ಕುರುಡು ನಮ್ಮಲ್ಲಿಯೂ ಇಲ್ಲದಿಲ್ಲ. ನಮ್ಮ ಕಡೆಯ ಮನೆತನದ ಹೆಸರುಗಳನ್ನು ನೆನೆಯಿರಿ: ಗಾಣಿಗೇರ, ಹೂಗಾರ, ಕುಂಬಾರ, ಬಡಿಗೇರ. ಅವರಲ್ಲಿ ಎಷ್ಟೋ ಮನೆಗಳ ಮಕ್ಕಳು ಇಂದು ವೈದ್ಯರು, ಶಿಕ್ಷಕರು, ಅಧಿಕಾರಿಗಳು. ಗಾಣ ನಿಂತಿದೆ, ಹೆಸರು ಉಳಿದಿದೆ. ಯುರೋಪಿನಲ್ಲಿಯೂ ಗಿರಣಿಯವನ ವಂಶಜರು ಮಿಲ್ಲರ್, ಮ್ಯುಲರ್, ಮೊಲೆನಾರ್ ಎಂಬ ಹೆಸರುಗಳನ್ನು ಹೊತ್ತು ಬಾಳುತ್ತಿದ್ದಾರೆ. ಆದರೆ ಪಟ್ಟಣ ಸೇರಿದ ಮೇಲೆ, ವಿಶೇಷವಾಗಿ ಮಕ್ಕಳಿಗೆ ಸಂಬಂಧ ನೋಡುವಾಗ, ಇಂತಹ ಹೆಸರನ್ನು ಮರೆಮಾಡಿ ಬೇರೊಂದನ್ನು ಹಚ್ಚಿಕೊಳ್ಳುವವರು ನಮ್ಮಲ್ಲಿದ್ದಾರೆ. ಹೆಸರು ಕೇಳಿದೊಡನೆ ಮುಖ ತಿರುಗಿಸುವ ಬೀಗರೂ ಇದ್ದಾರೆ. ಮರೆಮಾಡುವವರ ತಪ್ಪಿಗಿಂತ ಮುಖ ತಿರುಗಿಸುವವರ ತಪ್ಪೇ ದೊಡ್ಡದು.

ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕೊಟ್ಟಣದ ಸೋಮಮ್ಮ ಇವರೆಲ್ಲ ತಮ್ಮ ಕಾಯಕವನ್ನು ಹೆಸರಿನ ಮೊದಲಿಗೇ ಧರಿಸಿದವರು. ಅವರ ಹೆಸರು ಹೇಳಿ ಕೈಮುಗಿಯುವ ನಾವು, ಅದೇ ಬಗೆಯ ಹೆಸರನ್ನು ನೆರೆಮನೆಯ ಬಾಗಿಲಲ್ಲಿ ಕಂಡು ಹೀಗಳೆದರೆ ನುಡಿಯೊಂದು, ನಡೆಯೊಂದು ಆಯಿತಲ್ಲವೆ?

ಬೆಳಕು ಕೊಡುವ ಕೆಲಸಕ್ಕೇರಿದರೂ ಗಾಳಿಗಿರಣಿಯು ಹಿಟ್ಟು ಬೀಸಿದ ದಿನಗಳ ಹೆಸರನ್ನು ಬಿಟ್ಟಿಲ್ಲ. ನಿಮ್ಮ ಮನೆತನದ ಹೆಸರು ಯಾವ ಕಾಯಕದಿಂದ ಬಂದುದೆಂದು ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಕೇಳಿರಿ, ಮಕ್ಕಳೂ ಕೇಳಿಸಿಕೊಳ್ಳಲಿ.