ಸರ್ವರ್‌ನಲ್ಲಿರುವ ನಕ್ಷೆ: ಹೊಣೆ ಯಾರದು?

ಹಿನಕಲ್‌ನ ಒಂದು ಬದಿಗೆ ವಿಜಯನಗರದ ಬಡಾವಣೆಗಳು, ಇನ್ನೊಂದು ಬದಿಗೆ ಹೆಬ್ಬಾಳ, ಹೂಟಗಳ್ಳಿಯ ಕೈಗಾರಿಕಾ ಪ್ರದೇಶಗಳು. ಅಲ್ಯೂಮಿನಿಯಂ ಕಿಟಕಿ, ಉಕ್ಕಿನ ಮೆಟ್ಟಿಲು, ಹವಾನಿಯಂತ್ರಣದ ಡಕ್ಟ್, ವಿದ್ಯುತ್ ಪ್ಯಾನೆಲ್ ಮುಂತಾದವನ್ನು ತಯಾರಿಸುವ ಸಣ್ಣ ಘಟಕಗಳಿಗೆ ಹಿಂದೆ ಕೆಲಸ ಬರುತ್ತಿದ್ದುದು ನೀಲಿ ನಕ್ಷೆಯ ರೂಪದಲ್ಲಿ. ಅದರ ಮೂಲೆಯಲ್ಲಿ ವಾಸ್ತುಶಿಲ್ಪಿಯ ಸಹಿ, ದಿನಾಂಕ, ಪರಿಷ್ಕರಣೆಯ ಸಂಖ್ಯೆ ಇರುತ್ತಿದ್ದವು. ಈಗ ದೊಡ್ಡ ಕಟ್ಟಡಗಳ ಕೆಲಸದಲ್ಲಿ ನಕ್ಷೆಯ ಬದಲು ಒಂದು ವಾಕ್ಯ ಬರುತ್ತದೆ: "ಇತ್ತೀಚಿನದು ಸರ್ವರ್‌ನಲ್ಲಿದೆ, ನೋಡಿಕೊಳ್ಳಿ." ಈ ವಾಕ್ಯವನ್ನು ಖರೀದಿ ಆದೇಶದ ಷರತ್ತಾಗಿ ಒಪ್ಪಿಕೊಳ್ಳುವ ಉದ್ಯಮಿಗಳು ತಮ್ಮ ಹತೋಟಿಯಲ್ಲಿಲ್ಲದ ಹೊಣೆಯೊಂದಕ್ಕೆ ಸಹಿ ಹಾಕುತ್ತಿದ್ದಾರೆ ಎಂಬುದು ಬಹುಮಂದಿಯ ಗಮನಕ್ಕೆ ಬಂದಂತಿಲ್ಲ.

ಇಂದಿನ ಕಟ್ಟಡ ವಿನ್ಯಾಸ ಒಂದೇ ಕಡತದಲ್ಲಿ ಇರುವುದಿಲ್ಲ. 2000ದಲ್ಲಿ ಮೊದಲು ಬಿಡುಗಡೆಯಾಗಿ, 2002ರಲ್ಲಿ ಆಟೋಡೆಸ್ಕ್ ಸಂಸ್ಥೆಯ ಪಾಲಾದ ರೆವಿಟ್ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ವಾಸ್ತುಶಿಲ್ಪಿಯದು ಒಂದು ಕಡತ, ತೊಲೆ ಕಂಬಗಳ ಎಂಜಿನಿಯರರದು ಇನ್ನೊಂದು, ನೀರು, ವಿದ್ಯುತ್, ಹವಾನಿಯಂತ್ರಣದ್ದು ಮತ್ತೊಂದು. ಇವೆಲ್ಲವೂ ಹಂಚಿಕೆಯ ಸರ್ವರ್ ಒಂದರಲ್ಲಿ ಇರುತ್ತವೆ. ಒಂದು ಕಡತ ಮತ್ತೊಂದನ್ನು ಲಿಂಕ್ ಮೂಲಕ ತನ್ನೊಳಗೆ ತೋರಿಸುತ್ತದೆ. ಆದರೆ ಲಿಂಕ್ ಎಂಬುದು ನಕಲಲ್ಲ, ಕೇವಲ ವಿಳಾಸ. ಮನೆ ಬದಲಾದರೆ ವಿಳಾಸ ವ್ಯರ್ಥ. ವರ್ತಕರಿಗೆ ಇದು ಹೊಸ ಅನುಭವವೇನೂ ಅಲ್ಲ. ದರಪಟ್ಟಿಯ ಎಕ್ಸೆಲ್ ಹಾಳೆಯನ್ನು ಬೇರೊಂದು ಫೋಲ್ಡರಿಗೆ ಸಾಗಿಸಿದ ಮರುದಿನ ವೆಚ್ಚದ ಹಾಳೆ ಹಳೆಯ ದರವನ್ನೇ ತೋರಿಸುತ್ತ ಕುಳಿತಿರುವುದನ್ನು ಕಾಣದ ಅಂಗಡಿ ವಿರಳ.

ಹತ್ತು ಮಂದಿ ಕೆಲಸಗಾರರಿರುವ ಕಿಟಕಿ ತಯಾರಿಕೆಯ ಘಟಕವೊಂದಕ್ಕೆ ವಿದ್ಯಾರ್ಥಿನಿಲಯವೊಂದರ 140 ಕಿಟಕಿಗಳ ಆದೇಶ ಬಂದಿದೆ ಎಂದು ಭಾವಿಸಬಹುದು. ಎಂಜಿನಿಯರರು ತೊಲೆಯ ಆಳವನ್ನು 450 ಮಿ.ಮೀ.ನಿಂದ 600ಕ್ಕೆ ಏರಿಸಿ, ತಮ್ಮ ಕಡತವನ್ನು ಸರ್ವರ್‌ನ ಬೇರೊಂದು ಫೋಲ್ಡರಿಗೆ ಸಾಗಿಸುತ್ತಾರೆ. ವಾಸ್ತುಶಿಲ್ಪಿಯ ಕಚೇರಿಯಲ್ಲಿ ಬೆಳಿಗ್ಗೆ ಕಡತ ತೆರೆದಾಗ ಲಿಂಕ್ ಸಿಗಲಿಲ್ಲವೆಂಬ ಎಚ್ಚರಿಕೆ ಬರುತ್ತದೆ. ಕಿರಿಯ ಸಿಬ್ಬಂದಿಯೊಬ್ಬರು ತಮ್ಮ ಗಣಕಯಂತ್ರದಲ್ಲಿದ್ದ ಹಿಂದಿನ ವಾರದ ಪ್ರತಿಗೆ ಲಿಂಕ್ ಜೋಡಿಸಿ ಕೆಲಸ ಮುಂದುವರಿಸುತ್ತಾರೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಹಿನಕಲ್‌ಗೆ ತಲುಪಿದ ಹಾಳೆಯಲ್ಲಿ ಕಿಟಕಿಯ ಎತ್ತರ 1500 ಮಿ.ಮೀ.; ಕಟ್ಟಡದಲ್ಲಿ ಉಳಿದಿರುವ ಜಾಗ 1350.

ಚೌಕಟ್ಟನ್ನು ಕಷ್ಟಪಟ್ಟು ಕತ್ತರಿಸಿ ಮರುಜೋಡಿಸಬಹುದು. ಟಫನ್ಡ್ ಗಾಜನ್ನು ಕತ್ತರಿಸಲಾಗದು. ಕಾಯಿಸಿ ಗಟ್ಟಿಗೊಳಿಸಿದ ಮೇಲೆ ಕತ್ತರಿಸಹೊರಟರೆ ಅದು ಪುಡಿಯಾಗುತ್ತದೆ. ಒಂದು ಕಿಟಕಿಯ ಗಾಜಿಗೆ 4,000 ರೂ. ಎಂದಿಟ್ಟುಕೊಂಡರೂ 5,60,000 ರೂ. ಗುಜರಿಗೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆ 2017ರ ಕಲಂ 17(5)(ಎಚ್) ಪ್ರಕಾರ ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕು, ಶೇ. 18ರ ದರದಲ್ಲಿ ಅದು 1,00,800 ರೂ. ಶೇ. 8ರ ಲಾಭಾಂಶದಲ್ಲಿ ನಡೆಯುವ ಘಟಕವೊಂದು ಗಾಜಿನ ನಷ್ಟವನ್ನಷ್ಟೇ ತುಂಬಿಕೊಳ್ಳಬೇಕಾದರೂ 70 ಲಕ್ಷ ರೂ.ಗಳ ಹೊಸ ವ್ಯಾಪಾರ ಬೇಕು. ಫೋಲ್ಡರ್ ಬದಲಾಯಿಸಿದವರಿಗೆ ತಗುಲಿದ ವೆಚ್ಚ ಶೂನ್ಯ.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ರೆವಿಟ್‌ನಲ್ಲಿ ಲಿಂಕ್ ಜೋಡಿಸಲು ಎರಡು ಬಗೆ: ಓವರ್‌ಲೇ, ಅಟ್ಯಾಚ್‌ಮೆಂಟ್. ಎಂಜಿನಿಯರರ ಕಡತವನ್ನು ವಾಸ್ತುಶಿಲ್ಪಿಯು ಓವರ್‌ಲೇ ಆಗಿ ಜೋಡಿಸಿದ್ದರೆ, ವಾಸ್ತುಶಿಲ್ಪಿಯ ಕಡತವನ್ನು ತಮ್ಮ ಕಡತಕ್ಕೆ ಲಿಂಕ್ ಮಾಡಿಕೊಂಡ ಮೂರನೆಯವರಿಗೆ ತೊಲೆಗಳು ಕಾಣುವುದೇ ಇಲ್ಲ. ಕಡತಗಳು ಒಂದನ್ನೊಂದು ಸುತ್ತಿಕೊಳ್ಳದಿರಲೆಂದು ಮಾಡಿದ ಈ ವ್ಯವಸ್ಥೆ ತನ್ನಷ್ಟಕ್ಕೆ ಒಳ್ಳೆಯದೇ. ಆದರೆ ಅದನ್ನರಿಯದ ತಯಾರಕರು ಅಲ್ಲಿ ತೊಲೆಯೇ ಇಲ್ಲವೆಂದು ಭಾವಿಸುತ್ತಾರೆ. ಹಳೆಯ ತೊಲೆಯಾದರೆ ಅಳತೆ ಹೋಲಿಸಿದಾಗಲಾದರೂ ಸಂಶಯ ಹುಟ್ಟೀತು. ಕಾಣದ ತೊಲೆಯ ಬಗ್ಗೆ ಸಂಶಯ ಹುಟ್ಟಲು ಆಸ್ಪದವೆಲ್ಲಿ?

ಇಂಥದು ಸಣ್ಣವರಿಗೆ ಮಾತ್ರ ಆಗುತ್ತದೆಂದು ಯಾರೂ ತಿಳಿಯಬೇಕಾಗಿಲ್ಲ. ಏರ್‌ಬಸ್ ಎ380 ವಿಮಾನದ ವಿನ್ಯಾಸದಲ್ಲಿ ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ತುಲೂಸ್ ಘಟಕಗಳು ಕ್ಯಾಟಿಯಾ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದವು. ಸಿದ್ಧವಾಗಿ ಬಂದ ತಂತಿಗಳ ಕಟ್ಟುಗಳು ವಿಮಾನದೊಳಗೆ ಸರಿಹೊಂದಲಿಲ್ಲ. 2006ರಲ್ಲಿ ವಿಳಂಬದ ಮೇಲೆ ವಿಳಂಬ ಘೋಷಣೆಯಾಗಿ, ಮೊದಲ ವಿಮಾನ ಗ್ರಾಹಕರಿಗೆ ಸೇರಿದ್ದು 2007ರ ಅಕ್ಟೋಬರಿನಲ್ಲಿ. ಏರ್‌ಬಸ್ ಆ ನಷ್ಟವನ್ನು ತಾಳಿಕೊಂಡಿತು. ಹತ್ತು ಜನರ ಘಟಕಕ್ಕೆ ಆ ಶಕ್ತಿಯಿಲ್ಲ.

ವಿನ್ಯಾಸಕಾರರ ವಾದವನ್ನೂ ಕೇಳಬೇಕು. ಎಲ್ಲರೂ ಒಂದೇ ಜೀವಂತ ಮಾದರಿಯನ್ನು ನೋಡಬೇಕೆಂಬುದೇ ಸರ್ವರ್‌ನ ಉದ್ದೇಶ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರತಿ ಕೊಡತೊಡಗಿದರೆ ಹಳೆಯ ನಕ್ಷೆಗಳ ಹಾವಳಿ ಮರಳಿ ಬರುತ್ತದೆ ಎನ್ನುತ್ತಾರೆ ಅವರು. ವಿನ್ಯಾಸ ಕಚೇರಿಯ ಒಳಗೆ ಈ ಮಾತು ನಿಜ. ಆದರೆ ಲೋಹ ಕತ್ತರಿಸುವವರಿಗೆ ಜೀವಂತ ಮಾದರಿ ಪ್ರಯೋಜನಕ್ಕೆ ಬಾರದು. ಕತ್ತರಿಸಿದ ಲೋಹ ಮಾದರಿಯ ಜೊತೆ ಬದಲಾಗುವುದಿಲ್ಲ. 2018ರಲ್ಲಿ ಪ್ರಕಟವಾದ ಐಎಸ್‌ಒ 19650 ಮಾನಕವೇ ಈ ವ್ಯತ್ಯಾಸವನ್ನು ಗುರುತಿಸಿದೆ. ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಸಂಗ್ರಹಕ್ಕೆ ಸೇರಿದ್ದು ಎಂದು ಅದು ಮಾಹಿತಿಯ ನಾಲ್ಕು ಸ್ಥಿತಿಗಳನ್ನು ಹೇಳುತ್ತದೆ. ಬಳಕೆಗೆ ಅಧಿಕೃತ ಒಪ್ಪಿಗೆ ಪಡೆದದ್ದು "ಪ್ರಕಟಿಸಿದ್ದು" ಮಾತ್ರ. ತಯಾರಕರು ಕೇಳಬೇಕಾದುದೂ ಅದನ್ನೇ.

ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೂರು ರೂಪಾಯಿಯ ವೋಚರ್ ತಿದ್ದಿದರೂ ಟ್ಯಾಲಿಯಲ್ಲಿ ಗುರುತು ಉಳಿಯಬೇಕಾದ ಕಾಲದಲ್ಲಿ, ಲಕ್ಷಾಂತರ ರೂಪಾಯಿಯ ಸರಕಿಗೆ ಆಧಾರವಾದ ನಕ್ಷೆಯ ಜಾಡು ಅದನ್ನು ನಂಬಿ ಹಣ ಹೂಡಿದವರ ಕೈಯಲ್ಲಿ ಇಲ್ಲದಿರುವುದು ವಿಚಿತ್ರ.

ಆದ್ದರಿಂದ ಖರೀದಿ ಆದೇಶದಲ್ಲೇ ಹಾಳೆಯ ಸಂಖ್ಯೆ, ಪರಿಷ್ಕರಣೆ, ದಿನಾಂಕಗಳ ಜೊತೆಗೆ ಆ ಹಾಳೆ ಹೊರಬಿದ್ದಾಗ ಯಾವ ಯಾವ ಲಿಂಕ್ ಕಡತಗಳು ಯಾವ ದಿನಾಂಕದ ಸ್ಥಿತಿಯಲ್ಲಿ ಜೋಡಣೆಯಾಗಿದ್ದವು ಎಂಬ ಪಟ್ಟಿ ಇರಬೇಕು. ಕೇಳಿದರೆ ಇದು ದೊಡ್ಡ ಕೆಲಸವಲ್ಲ. ಮಾದರಿಯನ್ನೂ ಅದರ ಲಿಂಕ್‌ಗಳನ್ನೂ ಒಟ್ಟುಗೂಡಿಸಿ ಕಳುಹಿಸಲು ಇ-ಟ್ರಾನ್ಸ್‌ಮಿಟ್ ಎಂಬ ಸೌಲಭ್ಯ ರೆವಿಟ್‌ಗೆ ಇದೆ. ಆ ದಿನಾಂಕದ ನಂತರ ಸರ್ವರ್‌ನಲ್ಲಿ ಆದ ಬದಲಾವಣೆ ಲಿಖಿತವಾಗಿ ತಲುಪುವವರೆಗೆ ಅದರ ವೆಚ್ಚ ಆದೇಶ ನೀಡಿದವರದು ಎಂಬ ಒಂದು ಸಾಲು ಸಾಕು. 1930ರ ಸರಕು ಮಾರಾಟ ಕಾಯ್ದೆಯ ಕಲಂ 15 ಸರಕು ವಿವರಣೆಗೆ ತಕ್ಕಂತಿರಬೇಕು ಎನ್ನುತ್ತದೆ. ಆ ವಿವರಣೆ ಆದೇಶದೊಂದಿಗೆ ಬಂದ ಹಾಳೆಯೋ, ದಿನಕ್ಕೊಂದು ರೂಪ ತಾಳುವ ಸರ್ವರೋ ಎಂಬುದನ್ನು ಆದೇಶವೇ ನಿರ್ಧರಿಸಲಿ. ಇಂಥ ಮಾದರಿ ಷರತ್ತೊಂದನ್ನು ವಾಣಿಜ್ಯ ಸಂಸ್ಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕು. ಒಂಟಿ ಘಟಕವೊಂದು ಕೇಳಿದರೆ ಆದೇಶ ಪಕ್ಕದ ಘಟಕಕ್ಕೆ ಹೋಗುತ್ತದೆ.

ಸ್ವೀಕರಿಸಿದ ಕಡತಗಳನ್ನು ಮಿಂಚಂಚೆಯ ಸಮೇತ ತಿದ್ದದೆ ಕಾಯ್ದಿರಿಸುವುದೂ ಅಗತ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ ಕೇಳಲಾಗಿದೆ. ಪಾವತಿಯ ವಿಚಾರದಲ್ಲಿ ಇದರ ಪ್ರಯೋಜನ ನೇರವಾದದ್ದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಸರಕು ಸ್ವೀಕಾರವಾದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಆದರೆ ಖರೀದಿದಾರರು 15 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಿದರೆ, ಆ ಆಕ್ಷೇಪ ನಿವಾರಣೆಯಾದ ದಿನವೇ ಸ್ವೀಕಾರದ ದಿನವಾಗುತ್ತದೆ. "ಕಿಟಕಿ ಸರ್ವರ್‌ನ ನಕ್ಷೆಯಂತಿಲ್ಲ" ಎಂಬ ಒಂದು ಸಾಲಿನ ಪತ್ರ ಗಡುವನ್ನು ತಿಂಗಳುಗಟ್ಟಲೆ ಮುಂದೂಡಬಲ್ಲದು. ಆ ಪತ್ರಕ್ಕೆ ಅದೇ ದಿನ ಉತ್ತರಿಸಲು ಬೇಕಾದದ್ದು ದಿನಾಂಕ ಸಹಿತವಾದ ಆ ಲಿಂಕ್‌ಗಳ ಪಟ್ಟಿ.