ಕಟ್ಟಿದ ಕೈಗೊಂದು ಲೆಕ್ಕ

ನಾಲ್ಕು ರಾತ್ರಿಯಿಂದ ಅವನು ಕಣ್ಣು ಮುಚ್ಚಿಲ್ಲ. ಊಟದಲ್ಲಿ ವಿಷ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಾನೆ, ಹತ್ತಿರ ಬಂದವರ ಮೇಲೆ ಡ್ರಿಪ್ ಸ್ಟ್ಯಾಂಡ್ ಬೀಸುತ್ತಾನೆ. ಮೂರ್ನಾಲ್ಕು ಜನ ಸೇರಿ ಹಿಡಿದು, ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟು, ಎರಡೂ ಮಣಿಕಟ್ಟುಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಾರೆ. ಮನೋರೋಗ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದು ಹೊಸದಲ್ಲ. ಸ್ವಲ್ಪ ಹೊತ್ತಿಗೆ ಔಷಧ ಹತ್ತಿ ಅವನು ನಿದ್ದೆಗೆ ಜಾರುತ್ತಾನೆ. ಆದರೆ ಗಂಟು ಬಿಚ್ಚುವುದು ಬೆಳಗಿನ ರೌಂಡ್ಸ್‌ಗೆ ಡಾಕ್ಟರು ಬಂದ ಮೇಲೆಯೇ ಆದರೆ? ಕಟ್ಟಿದ ಆ ಗಳಿಗೆಯನ್ನು ನಾನು ಸಮರ್ಥಿಸುತ್ತೇನೆ. ನಿದ್ದೆ ಬಂದ ಮೇಲೂ ಬಿಚ್ಚದೆ ಬಿಟ್ಟ ಗಂಟೆಗಳನ್ನು ಸಮರ್ಥಿಸಲಾರೆ. ಒಲ್ಲದ ರೋಗಿಯ ಮೇಲೆ ವೈದ್ಯರು ಬಲ ಪ್ರಯೋಗಿಸಬಹುದೇ ಎಂಬ ಚರ್ಚೆ ಆ ಮೊದಲ ಗಳಿಗೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಅನ್ಯಾಯ ನಡೆಯುವುದು ಹೆಚ್ಚಾಗಿ ಅದರ ನಂತರ.

ರೋಗಿ ಬೇಡ ಎಂದ ಮಾತ್ರಕ್ಕೆ ಅವನಿಗೆ ತಿಳಿವಳಿಕೆ ಇಲ್ಲವೆಂದು ಅರ್ಥವಲ್ಲ. ಅವನ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡರೂ, ಅಷ್ಟರಿಂದಲೇ ಅವನಿಗೆ ತೀರ್ಮಾನಿಸುವ ಸಾಮರ್ಥ್ಯವಿಲ್ಲ ಎನ್ನಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 4ನೇ ಕಲಮೇ ಹೇಳುತ್ತದೆ. ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಮಣಿಪುರದ ಇರೋಮ್ ಶರ್ಮಿಳಾ ಸಾಕ್ಷಿ. 2000ದ ನವೆಂಬರಿನಲ್ಲಿ ಮಾಲೋಮ್‌ನಲ್ಲಿ ಹತ್ತು ಜನ ಗುಂಡಿಗೆ ಬಲಿಯಾದ ಬಳಿಕ ಉಪವಾಸ ಕೂತ ಅವರು ಅದನ್ನು ಮುಗಿಸಿದ್ದು 2016ರ ಆಗಸ್ಟಿನಲ್ಲಿ. ಅಷ್ಟೂ ವರ್ಷ ಅವರ ಮೇಲೆ ಆತ್ಮಹತ್ಯೆ ಯತ್ನದ ಕೇಸು, ಮೂಗಿನಲ್ಲಿ ನಳಿಕೆ. ತಾನೇನು ಮಾಡುತ್ತಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬುದ್ಧಿ ಸ್ಥಿಮಿತದಲ್ಲಿರುವ ಉಪವಾಸಿಗೆ ಬಲವಂತವಾಗಿ ಉಣಿಸುವುದು ಎಂದಿಗೂ ನೈತಿಕವಲ್ಲ ಎನ್ನುತ್ತದೆ ಜಾಗತಿಕ ವೈದ್ಯಕೀಯ ಸಂಘದ ಮಾಲ್ಟಾ ಘೋಷಣೆ. ಆ ನಳಿಕೆಯಿಂದಲೇ ಅವರು ಬದುಕಿದರು ಎಂಬುದೂ ನಿಜ; ಆ ಮಾತು ನನ್ನನ್ನು ಕಾಡದೆ ಬಿಟ್ಟಿಲ್ಲ. ಆದರೂ ಅಲ್ಲಿ ನಳಿಕೆ ಹಾಕಿದ್ದು ವೈದ್ಯರ ಕೈಯಾದರೆ, ಹಾಕಿಸಿದ್ದು ಸರ್ಕಾರದ ಮುಜುಗರ.

ಹಾಗಾಗಿ ಬಲಕ್ಕೆ ಉಳಿಯುವ ಜಾಗ ತೀರಾ ಚಿಕ್ಕದು: ತೀರ್ಮಾನಿಸುವ ಸಾಮರ್ಥ್ಯ ಆ ಹೊತ್ತಿಗೆ ಹೋಗಿರಬೇಕು, ಅಪಾಯ ಕಣ್ಣೆದುರೇ ಇರಬೇಕು, ಬೇರೆ ದಾರಿ ಇರಬಾರದು. ಕಾಯ್ದೆಯ 97ನೇ ಕಲಂ ಇದನ್ನು ಹೆಚ್ಚುಕಡಿಮೆ ಹೀಗೆಯೇ ಕಟ್ಟಿಕೊಟ್ಟಿದೆ. ಕಟ್ಟಿಹಾಕಲು ಮನೋವೈದ್ಯರ ಅನುಮತಿ ಬೇಕು, ಕಾರಣ ಬರೆದಿಡಬೇಕು, ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ಕಟ್ಟಬಾರದು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು, ಪ್ರತಿ ತಿಂಗಳು ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ಏಕಾಂತ ಕೋಣೆಯಲ್ಲಿ ಕೂಡಿಹಾಕುವುದಂತೂ ನಿಷಿದ್ಧ. ನನ್ನ ಮಟ್ಟಿಗೆ ಇಡೀ ಕಲಮಿನ ಜೀವ ಇರುವುದು ಇನ್ನೊಂದು ಮಾತಿನಲ್ಲಿ: ಸಿಬ್ಬಂದಿ ಕಡಿಮೆ ಇದ್ದಾರೆ ಎಂಬ ಕಾರಣಕ್ಕೆ ಯಾರನ್ನೂ ಕಟ್ಟುವಂತಿಲ್ಲ.

ಇಲ್ಲಿಯೇ ವೈದ್ಯರಿಂದ ಗಟ್ಟಿಯಾದ ಆಕ್ಷೇಪ ಬರುತ್ತದೆ. ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ಇದು. ರಾತ್ರಿ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ನರ್ಸ್ ಇದ್ದರೆ, ಕಟ್ಟದೆ ಇನ್ನೇನು ಮಾಡಬೇಕು? ಆ ನರ್ಸ್ ತಪ್ಪಿತಸ್ಥರೆಂದು ನಾನು ಹೇಳುವುದಿಲ್ಲ. ಆದರೆ ಪಕ್ಕದಲ್ಲಿ ಕೂತು ಮಾತಾಡಿಸುವ ಒಂದು ಜೀವದ ಬದಲಿಗೆ ಹಗ್ಗ ಬಂದು ಕೂತಿದ್ದರೆ, ಅದನ್ನು ಚಿಕಿತ್ಸೆ ಎಂದು ಕರೆಯಬಾರದು. ಚಿಕಿತ್ಸೆ ಎಂದು ಬರೆದುಕೊಂಡಷ್ಟು ದಿನ ಖಾಲಿ ಹುದ್ದೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ 28 ಮನೋರೋಗಿಗಳು ಸತ್ತರು. ಅದು ಆಸ್ಪತ್ರೆಯಲ್ಲ, ನಿಜ. ನೋಡಿಕೊಳ್ಳುವ ಕೈ ಇಲ್ಲದ ಕಡೆ ಕಬ್ಬಿಣ ಆ ಕೆಲಸ ವಹಿಸಿಕೊಂಡಿತ್ತು, ಅಷ್ಟೆ.

ಮನೆಯವರು ಒಪ್ಪಿದ್ದಾರಲ್ಲ ಎಂಬ ವಾದವೂ ಇದೆ. ಅರಿವಳಿಕೆಯಲ್ಲಿದ್ದ 44 ವರ್ಷದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಆ ಒಪ್ಪಿಗೆಯನ್ನು ಮಾನ್ಯ ಮಾಡಲಿಲ್ಲ. ತಾಯಿಯ ಪ್ರೀತಿಯನ್ನು ಯಾರೂ ಶಂಕಿಸಿರಲಿಲ್ಲ. ಆದರೆ ದೇಹ ಮಗಳದು.

ಗುಣವಾದ ಮೇಲೆ ರೋಗಿಯೇ ಕೈ ಮುಗಿಯುತ್ತಾನೆ ಎನ್ನುವವರೂ ಉಂಟು. ಕೆಲವರು ಹೌದು. ಬಲವಂತವಾಗಿ ದಾಖಲಾದವರನ್ನು ಒಂದು ವರ್ಷದ ನಂತರ ಮಾತಾಡಿಸಿ 2009ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ, ದಾಖಲಿಸಿದ್ದು ಸರಿ ಎಂದವರು ಶೇ 40 ಮಾತ್ರ. ಉಳಿದವರಲ್ಲಿ ಎಷ್ಟೋ ಜನ ಮುಂದೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರಿದರೆ, ಅಂದು ಉಳಿಸಿದ ಸಮಯವನ್ನು ರೋಗ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಅದೇ ಇಂಗ್ಲೆಂಡಿನಲ್ಲಿ 2010ರಲ್ಲಿ 23 ವರ್ಷದ ಸೆನಿ ಲೂಯಿಸ್‌ನನ್ನು ಮನೋರೋಗ ಆಸ್ಪತ್ರೆಯೊಳಗೆ 11 ಪೊಲೀಸರು ಅದುಮಿ ಹಿಡಿದರು. ಪ್ರಜ್ಞೆ ತಪ್ಪಿದ ಹುಡುಗ ಮತ್ತೆ ಏಳಲಿಲ್ಲ. ಹೆತ್ತವರು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2018ರಲ್ಲಿ ಕಾನೂನು ಬಂತು: ಬಲ ಬಳಸಿದರೆ ಆಸ್ಪತ್ರೆ ದಾಖಲಿಸಬೇಕು, ಅಂಕಿಅಂಶ ಜನರ ಮುಂದೆ ಬರಬೇಕು. ನಮ್ಮಲ್ಲಿ ದಾಖಲೆ ಮಂಡಳಿಯ ಮೇಜಿನವರೆಗೆ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಅದು ಅಲ್ಲಿಗೇ ನಿಲ್ಲಬಾರದು. ರೋಗಿಗಳ ಹೆಸರು ಬಿಟ್ಟು, ಕರ್ನಾಟಕದ ಪ್ರತಿ ಮನೋರೋಗ ಆಸ್ಪತ್ರೆಯ ಲೆಕ್ಕ ವರ್ಷಕ್ಕೊಮ್ಮೆ ಹೊರಬರಲಿ: ಎಷ್ಟು ಜನರನ್ನು ಕಟ್ಟಲಾಯಿತು, ಯಾವ ಪಾಳಿಯಲ್ಲಿ, ಆಗ ಡ್ಯೂಟಿಯಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಗಂಟೆಗೆ ಕಟ್ಟಿದರು, ಎಷ್ಟು ಗಂಟೆಗೆ ಬಿಚ್ಚಿದರು.